ಕ್ಯೂಬ್‌ಸ್ಯಾಟ್‌ನ ಉರುಳಾಟ ನಿಲ್ಲಿಸಲು ಬಿ-ಡಾಟ್ ಸಾಕೇ, ಎಲ್‌ಕ್ಯೂಆರ್ ಬೇಕೇ? ಸಿಮ್ಯುಲೇಷನ್‌ನಲ್ಲಿ ಎರಡೂ ಕೆಲಸ ಮಾಡುತ್ತಿವೆ

ನಾವೂ ಇದೇ ಪ್ರಶ್ನೆ ಹಿಡಿದುಕೊಂಡು ತಿಂಗಳುಗಟ್ಟಲೆ ವಾದ ಮಾಡಿದ್ದೆವು. ಬಿ-ಡಾಟ್ ಎಂದರೆ ಭೂಮಿಯ ಕಾಂತಕ್ಷೇತ್ರ ಬದಲಾಗುವ ವೇಗವನ್ನಷ್ಟೇ ನೋಡಿ ತಿರುಗು ತಡೆಯುವ ಸರಳ ನಿಯಮ; ಎಲ್‌ಕ್ಯೂಆರ್ ಎಂದರೆ ಉಪಗ್ರಹದ ಪೂರ್ತಿ ಸ್ಥಿತಿ ತಿಳಿದುಕೊಂಡು ಲೆಕ್ಕ ಹಾಕುವ ನಿಯಂತ್ರಣ ವಿಧಾನ. ನಮ್ಮದು 3ಯು (ಹತ್ತು ಸೆಂ.ಮೀ.ನ ಮೂರು ಘನಗಳನ್ನು ಸಾಲಾಗಿ ಜೋಡಿಸಿದಷ್ಟು ಗಾತ್ರದ ಪುಟ್ಟ ಉಪಗ್ರಹ), ತೂಕ ನಾಲ್ಕು ಕೆ.ಜಿ., ಮೂರು ಅಕ್ಷಕ್ಕೂ 0.2 ಆಂಪಿಯರ್-ಚದರ ಮೀಟರ್‌ನ ಮ್ಯಾಗ್ನೆಟಾರ್ಕರ್ (ಪ್ರವಾಹ ಹರಿಸಿದಾಗ ಅಯಸ್ಕಾಂತವಾಗಿ, ಭೂಮಿಯ ಕ್ಷೇತ್ರದ ನೆರವಿನಿಂದ ಉಪಗ್ರಹವನ್ನು ತಿರುಗಿಸುವ ಕಾಯಿಲ್). ಕೊನೆಗೆ ಬಿ-ಡಾಟ್ ಆಯ್ದುಕೊಂಡೆವು, ಆಯ್ಕೆ ಸರಿಯಾಗಿಯೇ ಇತ್ತು. ಆದರೂ ಉಪಗ್ರಹದ ಉರುಳಾಟ ನಿಲ್ಲಲೇ ಇಲ್ಲ.

ಬಿಡುಗಡೆಯಾದಾಗ ತಿರುಗುವ ವೇಗ ಅಳೆಯುವ ಗೈರೋ ತೋರಿಸಿದ್ದು ಎಕ್ಸ್ ಸುತ್ತ ಸೆಕೆಂಡಿಗೆ 4 ಡಿಗ್ರಿ, ವೈ ಸುತ್ತ 5, ಉದ್ದಕ್ಕಿರುವ ಝಡ್ ಸುತ್ತ 3. ಭೂಮಿಗೆ ನಾಲ್ಕು ಸುತ್ತು ಕಳೆಯುವಷ್ಟರಲ್ಲಿ ಝಡ್ 0.3ಕ್ಕೆ ಇಳಿದಿತ್ತು. ಎಕ್ಸ್ ಮತ್ತು ವೈ ಎರಡೂ ಸೇರಿ ಆರು ಚಿಲ್ಲರೆ ಡಿಗ್ರಿಯಲ್ಲೇ ನಿಂತಿದ್ದವು. ಬಲ ಸಾಲುತ್ತಿಲ್ಲ ಎಂದುಕೊಂಡು ಗೇನ್ (ಕಾಯಿಲ್‌ಗಳು ಎಷ್ಟು ಜೋರಾಗಿ ಪ್ರತಿಕ್ರಿಯಿಸಬೇಕು ಎಂಬ ಗುಣಕ) ಎರಡು ಪಟ್ಟು ಮಾಡಿದೆವು, ಆಮೇಲೆ ಐದು ಪಟ್ಟು. ಏನೂ ಬದಲಾಗಲಿಲ್ಲ. ಆ ಬದಲಾಗದಿರುವಿಕೆಯೇ ಉತ್ತರವಾಗಿತ್ತು, ನಮಗೆ ಓದಲು ಬರಲಿಲ್ಲ.

ತಪ್ಪು ಏನೆಂದು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಕೋಡ್ ಕೂಡ ನಮ್ಮದರ ಹಾಗೆಯೇ ಜೋಡಿಸಿದಂತಿದೆ.

ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್‌ನ ಬೋರ್ಡನ್ನು ಪಕ್ಕದ ಫಲಕಕ್ಕೆ ಮಗುಚಿ ಕೂರಿಸಿದ್ದೆವು. ಬೋರ್ಡ್ ಮಗುಚಿದರೆ ಫಲಕಕ್ಕೆ ಲಂಬವಾದ ಅಕ್ಷ (ನಮ್ಮಲ್ಲಿ ಎಕ್ಸ್) ತಲೆಕೆಳಗಾಗುತ್ತದೆ ಎಂಬುದು ಎಲ್ಲರಿಗೂ ಹೊಳೆಯುತ್ತದೆ. ಆದರೆ ಒಂದು ವಸ್ತುವನ್ನು ಮಗುಚಿದಾಗ ಒಂದೇ ಅಕ್ಷ ತಿರುಗುವುದು ಸಾಧ್ಯವೇ ಇಲ್ಲ. ಜೊತೆಗೆ ಇನ್ನೊಂದು ತಿರುಗಲೇಬೇಕು. ನಮ್ಮಲ್ಲಿ ಝಡ್ ಕೂಡ ತಿರುಗಿತ್ತು. ಸೆನ್ಸರ್ ಅಕ್ಷಗಳಿಂದ ಉಪಗ್ರಹದ ಅಕ್ಷಗಳಿಗೆ ಹೋಗುವ ಮ್ಯಾಟ್ರಿಕ್ಸ್‌ನ ಕರ್ಣದಲ್ಲಿ −1, 1, −1 ಇರಬೇಕಿತ್ತು. ನಾವು ಬರೆದದ್ದು −1, 1, 1. ಅದರ ಡಿಟರ್ಮಿನೆಂಟ್ (ಇಲ್ಲಿ ಕರ್ಣದ ಮೂರು ಅಂಕಿಗಳ ಗುಣಲಬ್ಧ) −1. ನಿಜವಾದ ತಿರುಗುವಿಕೆಗೆ ಅದು ಯಾವಾಗಲೂ +1. ಎರಡು ನಿಮಿಷದ ಲೆಕ್ಕ, ಯಾರೂ ಮಾಡಲಿಲ್ಲ.

ಸಿಮ್ಯುಲೇಷನ್ ಹೇಗೆ ಪಾಸಾಯಿತು? ಸೆನ್ಸರ್ ಮಾದರಿ ನಿಜವಾದ ಕ್ಷೇತ್ರವನ್ನು ಈ ಮ್ಯಾಟ್ರಿಕ್ಸ್‌ನ ವಿಲೋಮದಿಂದ ಗುಣಿಸಿ ಸೆನ್ಸರ್ ಅಕ್ಷಕ್ಕೆ ಒಯ್ಯುತ್ತಿತ್ತು. ಉಪಗ್ರಹದೊಳಗೆ ಓಡುವ ಫ್ಲೈಟ್ ಕೋಡ್ ಅದೇ ಮ್ಯಾಟ್ರಿಕ್ಸ್‌ನಿಂದ ಗುಣಿಸಿ ವಾಪಸ್ ತರುತ್ತಿತ್ತು. ಎರಡೂ ಓದುತ್ತಿದ್ದದ್ದು ಒಂದೇ ಹೆಡರ್ ಫೈಲನ್ನು. ಅಲ್ಲಿ ಯಾವ ಮ್ಯಾಟ್ರಿಕ್ಸ್ ಹಾಕಿದ್ದರೂ ಗುಣಲಬ್ಧ ಐಡೆಂಟಿಟಿಯೇ, ಅಂದರೆ ಹೋದದ್ದೇ ಹಾಗೇ ವಾಪಸ್. ಮನಸ್ಸಿಗೆ ಬಂದ ಒಂಬತ್ತು ಅಂಕಿ ತುಂಬಿದ್ದರೂ, ವಿಲೋಮ ಇರುವವರೆಗೆ, ಗ್ರಾಫ್ ಅಂದವಾಗಿ ಸೊನ್ನೆಗೆ ಇಳಿಯುತ್ತಿತ್ತು. ಹೆಲ್ಮ್‌ಹೋಲ್ಟ್ಸ್ ಪಂಜರದ (ಬೇಕಾದ ಕಾಂತಕ್ಷೇತ್ರ ಸೃಷ್ಟಿಸುವ ಕಾಯಿಲ್‌ಗಳ ಚೌಕಟ್ಟು) ಪರೀಕ್ಷೆಯೂ ಕಾಪಾಡಲಿಲ್ಲ. ಅಲ್ಲಿ ನಾವು ಹೊಂದಿಸಿ ನೋಡಿದ್ದು ಕ್ಷೇತ್ರದ ಒಟ್ಟು ಪ್ರಮಾಣವನ್ನು. ವರ್ಗ ಮಾಡಿ ಕೂಡಿದ ಮೇಲೆ ಚಿಹ್ನೆ ಎಲ್ಲಿ ಉಳಿಯುತ್ತದೆ?

ಈಗ ಕಕ್ಷೆಯಲ್ಲಿ ಆದದ್ದು. ಬಿ-ಡಾಟ್‌ನಲ್ಲಿ ಪ್ರತಿ ಕಾಯಿಲ್‌ಗೂ ಆ ಅಕ್ಷದ ಕ್ಷೇತ್ರ ಬದಲಾಗುವ ವೇಗಕ್ಕೆ ವಿರುದ್ಧವಾದ ಕಾಂತೀಯ ದ್ವಿಧ್ರುವ ಕೊಡುತ್ತೇವೆ. ಹಾಗಾಗಿ ಪ್ರತಿ ಅಕ್ಷವೂ ಆ ವೇಗದ ವರ್ಗಕ್ಕೆ ತಕ್ಕಷ್ಟು ಶಕ್ತಿಯನ್ನು ಹೊರಕ್ಕೆ ತೆಗೆಯುತ್ತದೆ. ಝಡ್‌ನ ಚಿಹ್ನೆ ಮಾತ್ರ ತಲೆಕೆಳಗಾದರೆ ಎಕ್ಸ್, ವೈ ಶಕ್ತಿ ತೆಗೆಯುತ್ತವೆ, ಝಡ್ ತುಂಬುತ್ತದೆ. ಝಡ್ ಸುತ್ತ ತಿರುಗುವಾಗ ಝಡ್ ದಿಕ್ಕಿನ ಕ್ಷೇತ್ರ ಹೆಚ್ಚುಕಡಿಮೆ ಸ್ಥಿರ, ಆದ್ದರಿಂದ ಆ ತಿರುಗು ನಿಲ್ಲುತ್ತದೆ. ಎಕ್ಸ್ ಸುತ್ತ ಉರುಳುವಾಗ ವೈ ಮತ್ತು ಝಡ್‌ಗಳಲ್ಲಿ ಕ್ಷೇತ್ರ ಸರಾಸರಿ ಸಮವಾಗಿ ಏರಿಳಿಯುತ್ತದೆ. ವೈ ಎಷ್ಟು ತೆಗೆಯುತ್ತದೋ ಝಡ್ ಅಷ್ಟನ್ನೇ ತುಂಬುತ್ತದೆ, ಒಟ್ಟು ಸೊನ್ನೆ. ಸೊನ್ನೆಯನ್ನು ಐದರಿಂದ ಗುಣಿಸಿ ಕೂತಿದ್ದೆವು ನಾವು. ಗೇನ್ ಬದಲಿಸಿದರೂ ಎರಡು ಅಕ್ಷ ಅಲುಗದೆ ಒಂದು ಮಾತ್ರ ನಿಂತರೆ, ನಿಂತ ಆ ಅಕ್ಷದ ಚಿಹ್ನೆಯನ್ನೇ ಮೊದಲು ಅನುಮಾನಿಸಿ. ಕೆಟ್ಟದ್ದು ನಿಲ್ಲದ ಅಕ್ಷ ಇರಬೇಕು ಎಂದು ಮನಸ್ಸು ಹೇಳುತ್ತದೆ, ನಾವೂ ಅಲ್ಲೇ ಹುಡುಕಿದೆವು.

ಇದು ಅರ್ಥವಾದಾಗ ತಿದ್ದಲು ದಾರಿ ಇರಲಿಲ್ಲ. ಗೇನ್ ಅನ್ನು ಕಮಾಂಡ್‌ನಿಂದ ಬದಲಿಸಬಹುದಿತ್ತು, ಮ್ಯಾಟ್ರಿಕ್ಸ್ ಕೋಡ್‌ನಲ್ಲೇ ಅಚ್ಚಾಗಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸಿಮ್ಯುಲೇಷನ್‌ನಲ್ಲಿ ಎರಡೂ ಕೆಲಸ ಮಾಡುತ್ತಿವೆ ಎಂದರೆ ನಿಮಗೆ ಇನ್ನೂ ಏನೂ ಗೊತ್ತಾಗಿಲ್ಲ ಎಂದರ್ಥ. ಉರುಳಾಟ ನಿಲ್ಲಿಸಲು ಬಿ-ಡಾಟ್ ಹಾಕಿ, ಚರ್ಚೆ ಮುಗಿಸಿ. ಅದಕ್ಕೆ ಕಕ್ಷೆ ಬೇಡ, ಗಡಿಯಾರ ಬೇಡ, ಉಪಗ್ರಹ ಎತ್ತ ಮುಖ ಮಾಡಿದೆ ಎಂಬುದೂ ಬೇಡ. ಎಲ್‌ಕ್ಯೂಆರ್‌ಗೆ ಇವೆಲ್ಲ ಬೇಕು, ಬಿಡುಗಡೆಯಾದ ಮೊದಲ ಗಂಟೆಯಲ್ಲಿ ಇವು ಯಾವುವೂ ನಿಮ್ಮ ಕೈಯಲ್ಲಿರುವುದಿಲ್ಲ. 2016ರ ಮಾರ್ಚ್ 26ರಂದು ಜಪಾನಿನ ಹಿಟೊಮಿ ಬಾಹ್ಯಾಕಾಶ ದೂರದರ್ಶಕ ಛಿದ್ರವಾದದ್ದು ನಿಯಂತ್ರಣ ಸಿದ್ಧಾಂತದ ಕೊರತೆಯಿಂದಲ್ಲ. ಥ್ರಸ್ಟರ್‌ಗಳಿಗೆ ಕಳಿಸಿದ ನಿಯತಾಂಕಗಳು ತಪ್ಪಾಗಿದ್ದವು, ತಿರುಗು ನಿಲ್ಲಿಸಬೇಕಾದವು ಅದನ್ನು ಹೆಚ್ಚಿಸಿದವು, ಸೌರಫಲಕಗಳು ಕಿತ್ತುಹೋದವು.

ಬಿ-ಡಾಟೋ ಎಲ್‌ಕ್ಯೂಆರೋ ಎಂಬ ವಾದಕ್ಕೆ ಹೋಗುವ ಸಮಯವನ್ನು ಚಿಹ್ನೆ ಪರೀಕ್ಷೆಗೆ ಕೊಡಿ. ಜೋಡಿಸಿ ಮುಗಿಸಿದ ಉಪಗ್ರಹದ ಮೇಲೆಯೇ ಮಾಡಿ, ಬಿಡಿ ಬೋರ್ಡ್ ಮೇಲೆ ಮಾಡಿದ್ದು ಲೆಕ್ಕಕ್ಕಿಲ್ಲ. ಕಬ್ಬಿಣದ ಮೇಜು, ಮೋಟರ್‌ಗಳಿಂದ ದೂರ ಹೋಗಿ ಒಂದೊಂದೇ ಅಕ್ಷದ ಧನ ಮುಖವನ್ನು ಉತ್ತರಕ್ಕೆ ತಿರುಗಿಸಿ. ಫ್ಲೈಟ್ ಕೋಡ್ ಹೊರಹಾಕುವ, ಉಪಗ್ರಹದ ಅಕ್ಷಗಳಲ್ಲಿರುವ ಅಂಕಿ ಧನವಾಗಿರಬೇಕು. ಆಮೇಲೆ ಒಂದೊಂದೇ ಕಾಯಿಲ್‌ಗೆ ಧನ ಕಮಾಂಡ್ ಕೊಟ್ಟು, ಆ ಧನ ಮುಖದ ನೇರಕ್ಕೆ, ಹತ್ತಿರದಲ್ಲೇ ದಿಕ್ಸೂಚಿ ಹಿಡಿಯಿರಿ. ಮುಳ್ಳಿನ ಉತ್ತರ ತುದಿ ಉಪಗ್ರಹದಿಂದ ಹೊರಕ್ಕೆ ತೋರಿಸಬೇಕು, ಒಳಕ್ಕೆ ತೋರಿಸಿದರೆ ತಂತಿ ತಿರುವುಮುರುವಾಗಿದೆ. ಸೆನ್ಸರ್ ತನ್ನ ಅಂಕಿಗಳನ್ನು ಇಡುವ ರಿಜಿಸ್ಟರ್‌ಗಳ ಅನುಕ್ರಮವನ್ನೂ ನೋಡಿ: ಎಚ್‌ಎಂಸಿ5883ಎಲ್ ಎಂಬ ಮ್ಯಾಗ್ನೆಟೋಮೀಟರ್ ಚಿಪ್ ಎಕ್ಸ್ ಆದ ಮೇಲೆ ಝಡ್ ಕೊಡುತ್ತದೆ, ಕೊನೆಗೆ ವೈ.

ಸಿಮ್ಯುಲೇಷನ್‌ನ ಸೆನ್ಸರ್ ಮಾದರಿಯ ಮ್ಯಾಟ್ರಿಕ್ಸನ್ನು ಇನ್ನೊಬ್ಬರು, ಮೆಕ್ಯಾನಿಕಲ್ ಡ್ರಾಯಿಂಗ್ ನೋಡಿ, ಬೇರೆ ಫೈಲ್‌ನಲ್ಲಿ ಬರೆಯಲಿ. ನಿಮ್ಮದನ್ನು ಅವರಿಗೆ ತೋರಿಸಬೇಡಿ.

ಇನ್ನೊಂದು ವಿಷಯ. ಕಾಯಿಲ್‌ನಲ್ಲಿ ಪ್ರವಾಹ ಹರಿಯುತ್ತಿರುವಾಗ ಮ್ಯಾಗ್ನೆಟೋಮೀಟರ್ ಓದಬೇಡಿ. 0.2ರ ಕಾಯಿಲ್ ತನ್ನ ಅಕ್ಷದ ಮೇಲೆ 10 ಸೆಂ.ಮೀ. ದೂರದಲ್ಲಿ ಉಂಟುಮಾಡುವ ಕ್ಷೇತ್ರ 40 ಮೈಕ್ರೋಟೆಸ್ಲಾ. 500 ಕಿ.ಮೀ. ಎತ್ತರದಲ್ಲಿ ಭೂಮಿಯದ್ದೇ ಸುಮಾರು 20ರಿಂದ 50. ಒಂದು ಸೆಕೆಂಡಿನ ಚಕ್ರದಲ್ಲಿ 700 ಮಿಲಿಸೆಕೆಂಡ್ ಕಾಯಿಲ್ ಓಡಿಸಿ, ಆರಿಸಿ, ಪ್ರವಾಹ ಇಳಿಯಲು ಬಿಟ್ಟು ಆಮೇಲೆ ಓದಿ. ವೇಗ ಸೆಕೆಂಡಿಗೆ ಅರ್ಧ ಡಿಗ್ರಿಗೆ ಇಳಿದರೆ ನಿಲ್ಲಿಸಿಬಿಡಿ. ಧ್ರುವೀಯ ಕಕ್ಷೆಯಲ್ಲಿ ಕ್ಷೇತ್ರವೇ ಸುತ್ತಿಗೆ ಎರಡು ಬಾರಿ ತಿರುಗುವುದರಿಂದ ಬಿ-ಡಾಟ್ ಹೇಗೂ 0.12 ಡಿಗ್ರಿಯ ಆಸುಪಾಸಿನಲ್ಲಿ ಉಳಿಯುತ್ತದೆ, ಅಲ್ಲಿಗೆ ಹೋಗುವ ಮೊದಲೇ ಸೆನ್ಸರ್‌ನ ಗದ್ದಲ ಸಿಗ್ನಲನ್ನು ನುಂಗಿರುತ್ತದೆ.

ಮತ್ತು ಆ ಮ್ಯಾಟ್ರಿಕ್ಸ್‌ನ ಒಂಬತ್ತು ಅಂಕಿಗಳು, ಮೂರು ಕಾಯಿಲ್‌ಗಳ ಚಿಹ್ನೆಗಳು, ಬಿ-ಡಾಟ್ ಅನ್ನು ಪೂರ್ತಿ ನಿಲ್ಲಿಸುವ ಸ್ವಿಚ್, ಇಷ್ಟನ್ನೂ ನೆಲದಿಂದ ಬದಲಿಸಬಹುದಾದ ನಿಯತಾಂಕಗಳ ಪಟ್ಟಿಗೆ ಇವತ್ತೇ ಸೇರಿಸಿ. ಗೇನ್ ಆ ಪಟ್ಟಿಯಲ್ಲಿ ಇಲ್ಲದಿದ್ದರೂ ನಡೆಯುತ್ತದೆ.