ಗೈಡ್ ಆರಿಸುವಾಗ ಎಚ್-ಇಂಡೆಕ್ಸ್ ಎಷ್ಟು ಲೆಕ್ಕಕ್ಕೆ ಬರುತ್ತೆ?

ಕೀಟಗಳ ನರವಿಜ್ಞಾನದಲ್ಲಿ ಪಿಎಚ್‌ಡಿ ಮಾಡಬೇಕು ಅಂತಿದ್ದೀರಿ. ಇಬ್ಬರು ಗೈಡ್ ಒಪ್ಪಿದ್ದಾರೆ. ಒಬ್ಬರ ಎಚ್-ಇಂಡೆಕ್ಸ್ 52, ಇನ್ನೊಬ್ಬರದು 14. ಯೋಚನೆ ಮಾಡದೆ 52ರ ಕಡೆ ಹೋಗಬಹುದಾ ಅಂತ ಕೇಳಿದ್ದೀರಿ. ನಾನು ಹಣ್ಣುನೊಣದ ಲ್ಯಾಬಿನಲ್ಲಿ ಕೆಲಸ ಮಾಡುವವನು. ಯೋಚನೆ ಮಾಡದೆ ಮಾತ್ರ ಹೋಗಬೇಡಿ ಅಂತ ಹೇಳುತ್ತೇನೆ.

ಎಚ್-ಇಂಡೆಕ್ಸ್ 14 ಅಂದರೆ, ತಲಾ 14 ಸಲವಾದರೂ ಉಲ್ಲೇಖಗೊಂಡ 14 ಪೇಪರ್‌ಗಳು ಅವರ ಹೆಸರಲ್ಲಿವೆ, ಅಷ್ಟೇ. ಈ ಲೆಕ್ಕದಲ್ಲಿ ಜಗತ್ತನ್ನೇ ತಿರುಗಿಸಿದ ಪೇಪರ್ ಆದರೂ ಒಂದೇ, ಸಾಧಾರಣ ಪೇಪರ್ ಆದರೂ ಒಂದೇ. ಕಡಿಮೆ ಬರೆದವರಿಗೆ ಇದರಲ್ಲಿ ಜಾಗವೇ ಇಲ್ಲ.

ನಮ್ಮ ಕ್ಷೇತ್ರದಲ್ಲಿ ಇದಕ್ಕೆ ರಾನ್ ಕೊನೋಪ್ಕಾ ಅವರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಅವರು ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಸೀಮೋರ್ ಬೆಂಜರ್ ಅವರ ವಿದ್ಯಾರ್ಥಿ. ಹಣ್ಣುನೊಣ ಸಾಮಾನ್ಯವಾಗಿ ಬೆಳಗಿನ ಜಾವದ ಹೊತ್ತಿಗೆ ಪ್ಯೂಪಾದಿಂದ, ಅಂದರೆ ಹುಳು ನೊಣವಾಗಿ ಬದಲಾಗುವ ಗೂಡಿನಿಂದ, ಹೊರಬರುತ್ತದೆ. ಕೊನೋಪ್ಕಾ ನೊಣಗಳಿಗೆ ರಾಸಾಯನಿಕ ಕೊಟ್ಟು ಜೀನ್‌ಗಳಲ್ಲಿ ಬದಲಾವಣೆ ತಂದರು. ಆಮೇಲೆ ಸೀಸೆ ಸೀಸೆ ಹಿಡಿದು, ಹೊತ್ತಲ್ಲದ ಹೊತ್ತಿನಲ್ಲಿ ಹೊರಬರುವ ನೊಣಗಳನ್ನು ಹುಡುಕುತ್ತಾ ಕೂತರು. ಒಂದು ತಳಿಯ ದಿನ 19 ಗಂಟೆಗೇ ಮುಗಿಯುತ್ತಿತ್ತು. ಇನ್ನೊಂದರದು 28 ಗಂಟೆ. ಮೂರನೆಯದಕ್ಕೆ ಹಗಲು ರಾತ್ರಿಯ ಲೆಕ್ಕವೇ ಇರಲಿಲ್ಲ. ಮೂರರಲ್ಲೂ ಕೆಟ್ಟಿದ್ದು ಎಕ್ಸ್ ವರ್ಣತಂತುವಿನ ಮೇಲಿನ ಒಂದೇ ಜೀನ್! ಒಂದು ಜೀನ್ ಒಂದು ನಡವಳಿಕೆಯನ್ನು ಹೀಗೆ ಹಿಡಿದಿಟ್ಟಿರುತ್ತದೆ ಅಂತ ಆಗ ತುಂಬಾ ಜನ ನಂಬಲು ತಯಾರಿರಲಿಲ್ಲ. ಗುರು ಶಿಷ್ಯ ಇಬ್ಬರೂ ಸೇರಿ ಬರೆದ ಆ ಪೇಪರ್ ಬಂದಿದ್ದು 1971ರಲ್ಲಿ.

ಮುಂದೆ ಕೊನೋಪ್ಕಾ ಕ್ಯಾಲ್‌ಟೆಕ್‌ನಲ್ಲೇ ಅಧ್ಯಾಪಕರಾದರು. ಆದರೆ ಅವರಿಗೆ ಪೇಪರ್ ಬರೆಯುವ ಅವಸರ ಇರಲಿಲ್ಲ. ಪ್ರಕಟಿಸಿದ್ದು ಕಡಿಮೆಯಾಯಿತು, ಕೆಲಸ ಕಾಯಂ ಆಗಲಿಲ್ಲ. ಕೊನೆಗೆ ಸಂಶೋಧನೆಯಿಂದಲೇ ದೂರವಾದರು. ಅವರು ಹುಡುಕಿದ ಆ ಜೀನನ್ನು 1984ರಲ್ಲಿ ಬೇರೆ ಲ್ಯಾಬ್‌ಗಳು ಬೇರ್ಪಡಿಸಿದವು. ಜೀವಿಗಳೊಳಗಿನ ಗಡಿಯಾರ ನಡೆಯುವ ಬಗೆಯನ್ನು ಅಲ್ಲಿಂದ ಮುಂದೆ ಬಿಡಿಸಿದ ಹಾಲ್, ರಾಸ್‌ಬಾಶ್, ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಅಷ್ಟು ಹೊತ್ತಿಗೆ ಕೊನೋಪ್ಕಾ ತೀರಿಕೊಂಡು ಎರಡು ವರ್ಷವಾಗಿತ್ತು. ಈ ಕಥೆಯನ್ನು ಲ್ಯಾಬಿಗೆ ಬರುವ ಹೊಸ ಹುಡುಗ ಹುಡುಗಿಯರಿಗೆ ಹೇಳುವಾಗ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಸೈಟೇಶನ್, ಅಂದರೆ ಬೇರೆ ಪೇಪರ್‌ಗಳಲ್ಲಿನ ಉಲ್ಲೇಖ, ತಡವಾಗಿ ಬರುವುದೂ ಉಂಟು. ಮಂಡ್ಯಂ ಶ್ರೀನಿವಾಸನ್ ಅವರ ಹೆಸರು ಕೇಳಿರಬಹುದು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ, ಐಐಎಸ್‌ಸಿಯಲ್ಲಿ ಎಂ.ಇ. ಮಾಡಿ, ಯೇಲ್‌ನಲ್ಲಿ ಪಿಎಚ್‌ಡಿ ಮುಗಿಸಿ ಆಸ್ಟ್ರೇಲಿಯಾದಲ್ಲಿ ನೆಲೆ ನಿಂತವರು. ಜೇನುನೊಣ ತಾನು ಹಾರಿದ ದೂರವನ್ನು ಕಣ್ಣೆದುರು ಹಿಂದೆ ಸರಿಯುವ ದೃಶ್ಯದಿಂದ ಅಳೆಯುತ್ತದೆ ಅಂತ ಅವರ ತಂಡ 2000ದಲ್ಲಿ ತೋರಿಸಿತು. ಗೋಡೆಗೆಲ್ಲ ಚಿತ್ತಾರವಿದ್ದ ಸುಮಾರು 6 ಮೀಟರ್‌ನ ಇಕ್ಕಟ್ಟಾದ ಸುರಂಗದಲ್ಲಿ ಹಾರಿ ಬಂದ ಜೇನುನೊಣ, ಗೂಡಿನಲ್ಲಿ ಸುಮಾರು 200 ಮೀಟರ್ ಹಾರಿ ಬಂದಂತೆ ಕುಣಿದು ತೋರಿಸಿತು (ಜೇನುನೊಣ ದೂರವನ್ನು ಜೊತೆಯವರಿಗೆ ಕುಣಿದೇ ತಿಳಿಸುತ್ತದೆ). ಜನಕ್ಕೆ ಗೊತ್ತಿರುವುದು ಈ ಕೆಲಸ. ಆದರೆ ನನಗೆ ಅವರ 1982ರ ಪೇಪರ್ ಇನ್ನೂ ಇಷ್ಟ. ಲಾಫ್ಲಿನ್, ಡಬ್ಸ್ ಅವರ ಜೊತೆ ಬರೆದದ್ದು, ಜೇನಲ್ಲ, ಸಾದಾ ನೊಣದ ಕಣ್ಣಿನ ಬಗ್ಗೆ. ಪಕ್ಕದ ಕೋಶಗಳನ್ನು ನೋಡಿ ಊಹಿಸಬಹುದಾದ ವಿಷಯವನ್ನು ಕಣ್ಣು ಮಿದುಳಿಗೆ ಮತ್ತೆ ಹೇಳುವುದಿಲ್ಲ, ಊಹೆಗೆ ಸಿಗದ ವ್ಯತ್ಯಾಸವನ್ನಷ್ಟೇ ಕಳಿಸುತ್ತದೆ ಅನ್ನುವ ವಾದ. ಮಿದುಳಿನ ದೃಷ್ಟಿಯ ಭಾಗದ ಬಗ್ಗೆ ಇದೇ ದಾರಿಯಲ್ಲಿ ಹೊರಟ ಹೆಸರಾಂತ ಪೇಪರ್ ಬಂದಿದ್ದು 1999ರಲ್ಲಿ. ಇವತ್ತು ಆ ನೊಣದ ಕಣ್ಣಿನ ಪೇಪರನ್ನು ಉಲ್ಲೇಖಿಸುವವರಲ್ಲಿ ನೊಣವನ್ನೇ ಮುಟ್ಟದವರು ಬೇಕಾದಷ್ಟು ಜನ. 1985ರಲ್ಲಿ ಯಾರಾದರೂ ಸೈಟೇಶನ್ ಎಣಿಸಿ ತೀರ್ಪು ಕೊಟ್ಟಿದ್ದರೆ ಇದೆಲ್ಲ ಎಲ್ಲಿ ಕಾಣುತ್ತಿತ್ತು?

ಇನ್ನೊಂದು ವಿಷಯ. ಬೇಕಾದ ಕೋಶದಲ್ಲಿ ಮಾತ್ರ ಬೇಕಾದ ಜೀನ್ ಚಾಲೂ ಮಾಡುವ ಗ್ಯಾಲ್4 ವಿಧಾನವನ್ನು ಬ್ರ್ಯಾಂಡ್ ಮತ್ತು ಪೆರಿಮಾನ್ 1993ರಲ್ಲಿ ವಿವರಿಸಿದರು. ಹಣ್ಣುನೊಣದ ಲ್ಯಾಬಿನವರು ನಾವೆಲ್ಲ ಅದನ್ನೇ ಬಳಸುತ್ತೇವೆ, ಹಾಗಾಗಿ ಆ ಪೇಪರ್‌ಗೆ ಸಾವಿರಾರು ಸೈಟೇಶನ್. ಅದು ನ್ಯಾಯವೇ. ಆದರೆ ಇರುವೆ, ಮಿಡತೆಗಳ ಮಿದುಳು ನೋಡುವವರಿಗೆ ಅಷ್ಟು ಸಿಗುವುದು ಕಷ್ಟ, ಏಕೆಂದರೆ ಉಲ್ಲೇಖಿಸಲು ಅಷ್ಟು ಲ್ಯಾಬ್‌ಗಳೇ ಇಲ್ಲ. ನಿಮ್ಮ ಇಬ್ಬರು ಗೈಡ್‌ಗಳು ಯಾವ ಕೀಟದ ಮೇಲೆ ಕೆಲಸ ಮಾಡುತ್ತಾರೆ ಅಂತ ನೀವು ಬರೆದಿಲ್ಲ. ಬೇರೆ ಬೇರೆ ಕೀಟ ಆಗಿದ್ದರೆ ಹೋಲಿಕೆಯನ್ನು ಇಲ್ಲಿಗೇ ಬಿಡಿ. ಇಬ್ಬರ ವಯಸ್ಸನ್ನೂ ನೋಡಿ. ಎಚ್-ಇಂಡೆಕ್ಸ್ ವರ್ಷ ಕಳೆದಂತೆ ಏರುತ್ತದೆ, ಇಳಿಯುವುದೇ ಇಲ್ಲ.

ಈಗ ಮಾಡಬೇಕಾದ ಕೆಲಸ. ಇಬ್ಬರ ತಲಾ ಮೂರು ಪೇಪರ್ ತೆಗೆದುಕೊಳ್ಳಿ. ಅವನ್ನು ಉಲ್ಲೇಖಿಸಿದವರ ಪೇಪರ್‌ಗಳನ್ನೂ ತೆರೆದು, ಉಲ್ಲೇಖ ಎಲ್ಲಿ ಬಂದಿದೆ ನೋಡಿ. ಪೀಠಿಕೆಯಲ್ಲಿ ಹತ್ತು ಹೆಸರುಗಳ ನಡುವೆ ಸುಮ್ನೆ ಬಂದಿದೆಯಾ, ಇಲ್ಲಾ ಆ ಫಲಿತಾಂಶವನ್ನೇ ಹಿಡಿದು ಯಾರಾದರೂ ಹೊಸ ಪ್ರಯೋಗ ಮಾಡಿದ್ದಾರಾ? ಎರಡನೆಯದು ಸಿಕ್ಕರೆ ಅದಕ್ಕೆ ಬೆಲೆ ಜಾಸ್ತಿ. ಮೊದಲ ಲೇಖಕರ ಜಾಗದಲ್ಲಿ ವಿದ್ಯಾರ್ಥಿಗಳ ಹೆಸರು ಇದೆಯಾ, ಆ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಅಂತಲೂ ಹುಡುಕಿ. ಅವರಲ್ಲಿ ಒಬ್ಬರಿಗಾದರೂ ಮೇಲ್ ಹಾಕಿ ಕೇಳಿ. ಇಷ್ಟು ಮಾಡಿದ ಮೇಲೂ ಗೊಂದಲ ಇದ್ದರೆ ಎರಡೂ ಲ್ಯಾಬಿನ ವಿಷಯ ಇಲ್ಲೇ ಬರೆಯಿರಿ, ಪೇಪರ್‌ಗಳನ್ನು ನಾನೂ ಓದಿ ನೋಡುತ್ತೇನೆ.