ಭೇದಿ ಮಾತ್ರೆ ತಗೊಂಡಾಗಲೆಲ್ಲ ಅದೇ ಜಾಗದಲ್ಲಿ ಕಪ್ಪು ಕಲೆ ಯಾಕೆ ಬರುತ್ತದೆ?

ಮೆಡಿಕಲ್‌ನಿಂದ ಭೇದಿ ನಿಲ್ಲೋ ಮಾತ್ರೆ ತಂದು ನುಂಗಿದಾಗಲೆಲ್ಲ ತುಟಿಯಂಚಿನಲ್ಲಿ, ಮುಂಗೈಯಲ್ಲಿ ಉರಿ ಶುರುವಾಗಿ, ಗುಂಡಗೆ ಕೆಂಪಾಗಿ, ಆಮೇಲೆ ಕಪ್ಪಾಗುತ್ತದೆ, ಮನೆಯಲ್ಲಿ ಹೀಟ್ ಅಂತಾರೆ ಅಂತ ಬರೆದಿದ್ದೀರಿ. ಹೀಟ್ ಅಲ್ಲ. ನಾನು ಫಾರ್ಮಸಿಸ್ಟ್, ಇಂಥ ಕಲೆ ತೋರಿಸಿ ಮುಲಾಮು ಕೇಳುವವರು ಅಂಗಡಿಗೆ ಬರುತ್ತಲೇ ಇರುತ್ತಾರೆ. ಖಚಿತವಾಗಿ ಹೇಳಬೇಕಾದವರು ಚರ್ಮದ ಡಾಕ್ಟರೇ, ಆದರೆ ನೀವು ಹೇಳಿದ್ದೆಲ್ಲ ಫಿಕ್ಸೆಡ್ ಡ್ರಗ್ ಇರಪ್ಷನ್ ಥರಾನೇ ಇದೆ. ಅಂದರೆ ಯಾವುದೋ ಒಂದು ಔಷಧಿ ನಿಮ್ಮ ಮೈಗೆ ಆಗುತ್ತಿಲ್ಲ.

ಸೋಂಕಿನಿಂದಲೂ ದದ್ದು ಏಳುತ್ತದೆ, ಅದೂ ನಿಜ. ವೈರಲ್ ಜ್ವರದಲ್ಲಿ ಪಿತ್ತದ ಗಂಧೆ ಬರೋದು ಮಕ್ಕಳಲ್ಲಿ ಜಾಸ್ತಿ. ಆದರೆ ಗಂಧೆ ಒಂದು ಕಡೆ ಎದ್ದು, ದಿನದೊಳಗೆ ಅಲ್ಲಿ ಇಳಿದು, ಇನ್ನೊಂದು ಕಡೆ ಏಳುತ್ತದೆ, ಕಲೆ ಉಳಿಯೋದಿಲ್ಲ. ನಿಮ್ಮದು ಜಾಗ ಬಿಟ್ಟು ಕದಲುತ್ತಿಲ್ಲ, ಅಲ್ವಾ? ಮೊದಲ ಸಲ ಆ ಔಷಧಿಯ ಮೇಲೆ ತಿರುಗಿಬಿದ್ದ ರಕ್ಷಣಾ ಕಣಗಳು ಅಲ್ಲಿನ ಚರ್ಮದಲ್ಲೇ ಉಳಿದುಬಿಡುತ್ತವೆ. ಅದೇ ಔಷಧಿ ಮತ್ತೆ ಒಳಗೆ ಹೋದರೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ 8 ಗಂಟೆಯೊಳಗೆ ಅಲ್ಲೇ ಕೆರಳುತ್ತವೆ. ಹೀಗೇ ತಗೊಳ್ಳುತ್ತಾ ಹೋದರೆ ಹೊಸ ಜಾಗಗಳೂ ಸೇರಬಹುದು, ಗುಳ್ಳೆ ಏಳಬಹುದು, ಕಪ್ಪು ತಿಂಗಳುಗಟ್ಟಲೆ ಹೋಗದೆ ಇರಬಹುದು.

ಈಗ ಯಾವ ಔಷಧಿ ಅಂತ ಹುಡುಕಿ. ಸ್ಟ್ರಿಪ್ ಮೇಲಿನ ದೊಡ್ಡ ಹೆಸರು ಕಂಪನಿ ಇಟ್ಟಿದ್ದು, ಅದನ್ನು ಬಿಡಿ, ಸಣ್ಣಕ್ಷರದಲ್ಲಿರೋದನ್ನು ಓದಿ. ಭೇದಿಗೆ ಜನ ಕೇಳಿ ತಗೊಳ್ಳುವ ಮಾತ್ರೆಯಲ್ಲಿ ಹೆಚ್ಚಾಗಿ ಆಫ್ಲಾಕ್ಸಾಸಿನ್, ಆರ್ನಿಡಜೋಲ್ ಎರಡೂ ಸೇರಿರುತ್ತವೆ, ಎರಡರಲ್ಲಿ ಯಾವುದರಿಂದ ಬೇಕಾದರೂ ಈ ಕಲೆ ಬರಬಹುದು. ತೊಂದರೆ ಏನೆಂದರೆ, ಎರಡೇ ಮಾತ್ರೆ ಕೇಳಿದರೆ ಅಂಗಡಿಯಲ್ಲಿ ಕತ್ತರಿಸಿ ಕೊಡುತ್ತಾರೆ, ಹೆಸರಿರುವ ಭಾಗ ಅಲ್ಲೇ ಉಳಿದು ನಿಮ್ಮ ಕೈಗೆ ಬರೋದು ಅರ್ಧ ಅಕ್ಷರವಿರುವ ಬೆಳ್ಳಿ ಹಾಳೆಯ ತುಂಡು. ಹಳೇ ಬಿಲ್ ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಅದೇ ಅಂಗಡಿಗೆ ಹೋಗಿ ಇಡೀ ಸ್ಟ್ರಿಪ್ಪಿನ ಫೋಟೊ ತಗೊಳ್ಳಿ. ಬೇರೆ ಕಂಪನಿಯದ್ದು ತಗೊಂಡರೆ ಸರಿಹೋಗೋದಿಲ್ಲ, ಒಳಗಿರೋದು ಅದೇ. ಮೆಟ್ರೊನಿಡಜೋಲ್, ಟಿನಿಡಜೋಲ್ ಕೂಡ ಆರ್ನಿಡಜೋಲಿನ ಬಳಗದವೇ, ಡಾಕ್ಟರು ಹೇಳುವ ತನಕ ಅವೂ ಬೇಡ. ಯಾವುದಂತ ನೋಡೋಣ ಅಂತ ಮನೆಯಲ್ಲಿ ಒಂದೊಂದೇ ನುಂಗಿ ನೋಡಬೇಡಿ, ದಯವಿಟ್ಟು. ಸಾಮಾನ್ಯ ಭೇದಿಗೆ ಓಆರ್‌ಎಸ್ ಸಾಕಾಗುತ್ತದೆ, ರಕ್ತ ಬಿದ್ದರೆ ಅಥವಾ ಜೋರು ಜ್ವರ ಇದ್ದರೆ ಮಾತ್ರೆ ತರೋದಕ್ಕಿಂತ ಡಾಕ್ಟರ ಹತ್ತಿರ ಹೋಗಿ.

ಒಂದು ವೇಳೆ ಯಾವುದೇ ಮಾತ್ರೆಯ ನಂತರ ಜ್ವರ ಬಂದು, ಬಾಯೆಲ್ಲ ಹುಣ್ಣಾಗಿ, ಕಣ್ಣು ಕೆಂಪಾಗಿ, ಚರ್ಮ ಉರಿದು ಸುಲಿಯತೊಡಗಿದರೆ ಬೆಳಗಾಗಲಿ ಅಂತ ಕಾಯಬೇಡಿ. ಅದು ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್ ಇರಬಹುದು, ಜೀವಕ್ಕೇ ಅಪಾಯ. ಸೋಂಕಿಗೆ ಕೊಡುವ ಸಲ್ಫಾ ಮಾತ್ರೆ, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯೂರಿನಾಲ್ ಶುರು ಮಾಡಿದ ಮೊದಲ ವಾರಗಳಲ್ಲಿ ಇದರ ಭಯ ಜಾಸ್ತಿ. ಆಗಲೇ ದೊಡ್ಡಾಸ್ಪತ್ರೆಗೆ ಹೋಗಿ, ತಗೊಂಡ ಮಾತ್ರೆಗಳನ್ನೆಲ್ಲ ಜೊತೆಗೇ ಒಯ್ಯಿರಿ.