ಏಳು ತಿಂಗಳಾಗಿದೆ, ಬೆಲ್ಟ್ ಬಿಡಬಹುದಾ?

ಏಳು ತಿಂಗಳ ಗರ್ಭಿಣಿ ಹೆಂಡತಿಗೆ ಸೀಟ್ ಬೆಲ್ಟ್ ಹೊಟ್ಟೆಗೆ ಒತ್ತುತ್ತದೆ, ಏರ್‌ಬ್ಯಾಗ್ ಇದೆಯಲ್ಲ, ಬೆಲ್ಟ್ ಬಿಟ್ಟರೆ ನಡೆಯುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಏರ್‌ಬ್ಯಾಗ್ ಇರುವುದು ಬೆಲ್ಟಿನ ಬದಲಿಗೆ ಅಲ್ಲ, ಅದರ ಜೊತೆಗೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಉಬ್ಬುತ್ತದೆ, ಬೆಲ್ಟ್ ಇಲ್ಲದೆ ಮುಂದಕ್ಕೆ ವಾಲಿದವರಿಗೆ ಆ ಹೊಡೆತವೇ ದೊಡ್ಡ ಪೆಟ್ಟಾಗಬಹುದು.

ಒತ್ತುವುದು ಹೆಚ್ಚಾಗಿ ಹಾಕಿಕೊಳ್ಳುವ ರೀತಿಯಿಂದ. ನಾನು ಬಸುರಿಯಾಗಿದ್ದಾಗ ಕೂತ ಮೇಲೆ ಒಂದು ಕೈಯಲ್ಲಿ ಹೊಟ್ಟೆಯನ್ನು ಸ್ವಲ್ಪ ಮೇಲೆತ್ತಿ, ಕೆಳಗಿನ ಪಟ್ಟಿಯನ್ನು ಅದರ ಅಡಿಗೆ, ತೊಡೆ ಸೇರುವ ಕಡೆ, ಸೊಂಟದ ಎಲುಬಿನ ಮೇಲೆ ಕೂರಿಸಿ, ಆಮೇಲೆ ಮೇಲಿನ ಪಟ್ಟಿ ಎಳೆದು ಸಡಿಲ ತೆಗೆಯುತ್ತಿದ್ದೆ. ಮೇಲಿನದು ಹೆಗಲ ಮೇಲಿಂದ ಎದೆಯ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಇಳಿಯಬೇಕು. ಕಂಕುಳ ಕೆಳಗೆ ಬೇಡವೇ ಬೇಡ. ಅವರೇ ಓಡಿಸುವುದಾದರೆ ಎದೆಗೂ ಸ್ಟೀರಿಂಗಿಗೂ ಕನಿಷ್ಠ 25 ಸೆಂ.ಮೀ. ಜಾಗ ಇರಲಿ, ಹೊಟ್ಟೆ ಬೆಳೆದ ಹಾಗೆ ಸೀಟು ಹಿಂದಕ್ಕೆ ಸರಿಸಿ.

ಮೂರು ವರ್ಷದ ಮಗಳನ್ನು ಮುಂದೆ ತೊಡೆ ಮೇಲೆ ಕೂರಿಸಿಕೊಳ್ತಾರೆ ಅಂದಿರಲ್ಲ, ಅದು ನನಗೆ ಇನ್ನೂ ಜಾಸ್ತಿ ಭಯ. ಡಿಕ್ಕಿಯಾದರೆ ಮಗು ಏರ್‌ಬ್ಯಾಗಿಗೂ ತಾಯಿಗೂ ನಡುವೆ ಸಿಕ್ಕಿಬೀಳುತ್ತದೆ. ಹಿಂದಿನ ಸೀಟಿನಲ್ಲಿ, ಅವಳ ಅಳತೆಯ ಚೈಲ್ಡ್ ಸೀಟಿನಲ್ಲಿ ಕೂರಿಸಿ. ಹಿಂಬಾಗಿಲಿನ ಅಂಚಿನಲ್ಲಿರುವ ಚೈಲ್ಡ್ ಲಾಕ್ ಹಾಕಿ, ನೀವೇ ಒಳಗೆ ಕೂತು ಬಾಗಿಲು ತೆರೆಯುತ್ತದಾ ನೋಡಿ, ಒಳಗಿನಿಂದ ತೆರೆಯಬಾರದು.

ಸಣ್ಣ ಡಿಕ್ಕಿಯಾದರೂ, ನೋವಿಲ್ಲದಿದ್ದರೂ, ಹೆಂಡತಿಯನ್ನು ಅವತ್ತೇ ಡಾಕ್ಟರಿಗೆ ತೋರಿಸಿ.